ಆರು ಎಕರೆ ಕಬ್ಬು, ಪ್ರಮಾಣಪತ್ರದಲ್ಲಿ ಎರಡೇ ಎಕರೆ: ಮಧ್ಯಂತರ ಜೀವನಾಂಶಕ್ಕೆ ಏನು ಮಾಡಲಿ?

ಘಟಪ್ರಭಾ ದಂಡೆ (ಮುಧೋಳ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ಮದುವೆಯಾಗಿ ಹನ್ನೊಂದು ವರ್ಷ, ಮಗಳು ನಾಲ್ಕನೆಯ ತರಗತಿಯಲ್ಲಿದ್ದಾಳೆ. ಯುಗಾದಿಯಿಂದ ತವರಿನಲ್ಲಿದ್ದೇನೆ. ವಿಚ್ಛೇದನ ಕೇಳಿದವರು ನನ್ನ ಯಜಮಾನರೇ. ನಾನು ಹಿಂದೂ ವಿವಾಹ ಕಾಯ್ದೆಯ 24ನೇ ಕಲಮಿನ ಅಡಿ ಮಧ್ಯಂತರ ಜೀವನಾಂಶವನ್ನೂ (ದಾವೆ ಮುಗಿಯುವವರೆಗಿನ ಖರ್ಚಿಗೆ) ದಾವೆಯ ಖರ್ಚನ್ನೂ ಕೇಳಿದ್ದೇನೆ.

ಮೊನ್ನೆ ಅವರು ಕೋರ್ಟಿಗೆ ಕೊಟ್ಟ ಆಸ್ತಿಯ ಪ್ರಮಾಣಪತ್ರ (ಅಫಿಡವಿಟ್) ಕೈಗೆ ಬಂತು. ‘ಎರಡು ಎಕರೆ ಒಣಬೇಸಾಯ, ವರ್ಷಕ್ಕೆ ಅರವತ್ತು ಸಾವಿರ’ ಎಂದಿದೆ. ಓದುವಾಗ ಕೈ ನಡುಗಿತು. ರಾತ್ರಿ ಮೂರಕ್ಕೆ ಕರೆಂಟ್ ಬಂದರೆ ಬ್ಯಾಟರಿ ಹಿಡಿದು ಆರು ಎಕರೆ ಕಬ್ಬಿಗೆ ನೀರು ಹಾಯಿಸಿದವಳು ನಾನು. ಉಳಿದ ನಾಲ್ಕು ಎಕರೆಯನ್ನು ನಾನು ತವರಿಗೆ ಬಂದ ಮೇಲೆ ಮೈದುನನ ಹೆಸರಿಗೆ ದಾನಪತ್ರ ಮಾಡಿದ್ದಾರೆ. ಕಾರ್ಖಾನೆಯ ತೂಕದ ಚೀಟಿಗಳನ್ನು ಜಗಲಿಯ ಕೆಳಗೆ ಬಿಸ್ಕತ್ತಿನ ಡಬ್ಬಿಯಲ್ಲಿ ಇಡುತ್ತಿದ್ದೆ. ಆ ಡಬ್ಬಿ ಮಗಳ ಪಾಟಿಚೀಲದಲ್ಲಿ ನನ್ನ ಜೊತೆ ಬಂದಿದೆ.

ಇನ್ನೊಂದು ಮಾತು. ನಾನು ಹೊಲಿಗೆಯಿಂದ ತಿಂಗಳಿಗೆ ಮೂರು ಸಾವಿರ ಗಳಿಸುತ್ತೇನೆ. ಅದನ್ನು ಬರೆದರೆ ಏನೂ ಸಿಗುವುದಿಲ್ಲ, ಬರೆಯಬೇಡ ಎನ್ನುತ್ತಾನೆ ಅಣ್ಣ. ಮುಚ್ಚಿಡಲೇ?

ನಿವೃತ್ತ ಶಿರಸ್ತೇದಾರ, ಜಮಖಂಡಿ

ಬೇಡ ತಾಯಿ, ಮುಚ್ಚಿಡಬೇಡಿ. 2020ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್ ರಜನೇಶ್ ಮತ್ತು ನೇಹಾ ಪ್ರಕರಣದಲ್ಲಿ ಕೊಟ್ಟ ತೀರ್ಪಿನ ಪ್ರಕಾರ ಪ್ರಮಾಣಪತ್ರವನ್ನು ಇಬ್ಬರೂ ಸಲ್ಲಿಸಬೇಕು. ಹೆಂಡತಿ ದುಡಿಯುತ್ತಾಳೆ ಎಂಬ ಒಂದೇ ಕಾರಣಕ್ಕೆ ಜೀವನಾಂಶ ತಪ್ಪುವುದಿಲ್ಲ ಎಂದು ಅದೇ ತೀರ್ಪು ಹೇಳಿದೆ. ನಿಮ್ಮ ಮೂರು ಸಾವಿರ ಹೊರಬಿದ್ದರೆ ಅವರ ಎರಡು ಎಕರೆಯ ಸುಳ್ಳು ಪಕ್ಕಕ್ಕೆ ಸರಿದು ನಿಮ್ಮ ಸುಳ್ಳೇ ಪಾಟೀಸವಾಲಿನ ವಿಷಯವಾಗುತ್ತದೆ.

ರೈತರಿಗೆ ಆ ತೀರ್ಪಿನಲ್ಲೇ ಬೇರೆ ನಮೂನೆ ಇದೆ. ಜಮೀನು ನೀರಾವರಿಯೋ ಒಣಬೇಸಾಯವೋ, ಯಾವ ಬೆಳೆ ಎಂಬುದನ್ನೆಲ್ಲ ಅದರಲ್ಲಿ ತುಂಬಬೇಕು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ ಕಾರಣ ಐಟಿ ರಿಟರ್ನ್ ಕೇಳಿ ಕುಳಿತರೆ ಏನೂ ಸಿಗದು. ಜಮೀನಿನ ಉತಾರ (ಪಹಣಿ) ತೆಗೆಸಿ. 9ನೇ ಕಾಲಂನಲ್ಲಿ ಯಾರ ಹೆಸರು, 11ರಲ್ಲಿ ಎಷ್ಟು ಸಾಲ, 12ರಲ್ಲಿ ಯಾವ ಬೆಳೆ ಎಂದು ನೋಡಿ. ದಾನಕ್ಕೆ ಮುಂಚಿನ ವರ್ಷಗಳ ಉತಾರವೂ ಬೇಕು. ಕಾರ್ಖಾನೆಯ ಕಬ್ಬಿನ ಬಿಲ್ಲಿನ ಲೆಕ್ಕ, ಬ್ಯಾಂಕಿನ ಖಾತೆಯ ವಿವರಗಳನ್ನು ಸಮನ್ಸ್ ಮೂಲಕ ತರಿಸಲು ವಕೀಲರು ಅರ್ಜಿ ಹಾಕಲಿ. ದಾನಪತ್ರಕ್ಕೂ ಹೆದರಬೇಡಿ. ಜೀವನಾಂಶದ ಹಕ್ಕಿರುವ ಆಸ್ತಿಯನ್ನು ಪುಕ್ಕಟೆಯಾಗಿ ಕೊಟ್ಟರೆ, ಪಡೆದವನ ವಿರುದ್ಧವೂ ಆ ಹಕ್ಕನ್ನು ಸಾಧಿಸಲು ಆಸ್ತಿ ವರ್ಗಾವಣೆ ಕಾಯ್ದೆಯ 39ನೇ ಕಲಂ ದಾರಿ ಕೊಡುತ್ತದೆ. ಉಳಿದ ಎರಡು ಎಕರೆಯೂ ಕೈಬಿಡದಂತೆ ತಡೆಯಾಜ್ಞೆ ಕೇಳಿ.

ಹೊಲಿಗೆಯಕ್ಕ, ಗೋಕಾಕ

ತಂಗೀ, ನಾನು ಈ ದಾರಿಯಲ್ಲಿ ನಡೆದು ಬಂದವಳು. ನೋಟಿಸ್ ಜಾರಿಯಾದ ಮೇಲೆ ಸಾಧ್ಯವಾದಷ್ಟೂ 60 ದಿನಗಳೊಳಗೆ ಅರ್ಜಿ ಮುಗಿಯಬೇಕು ಎಂದು ಕಾಯ್ದೆಯಲ್ಲಿದೆ. ನನ್ನದು ಒಂದು ವರ್ಷ ಎಳೆಯಿತು. ಪ್ರತಿ ತಾರೀಖಿಗೂ ಬುತ್ತಿ ಕಟ್ಟಿಕೊಂಡು ಹೋಗಿ ಬರಿಗೈಯಲ್ಲಿ ಬರುವುದು ಏನೆಂದು ನನಗೆ ಗೊತ್ತು. ಆದರೂ ಆದೇಶವಾದಾಗ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಿಡಿದರು, ಬಾಕಿಯೆಲ್ಲ ಸೇರಿ ಬಂತು. ಅದಕ್ಕೇ ಹೇಳುತ್ತೇನೆ, ಸುಸ್ತಾಗಿ ಕಡಿಮೆಗೆ ರಾಜಿಯಾಗಬೇಡ. ಮಗಳ ಶುಲ್ಕದ ರಸೀದಿ, ಔಷಧದ ಚೀಟಿ ಒಂದನ್ನೂ ಎಸೆಯಬೇಡ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗು. ಹೆಣ್ಣುಮಕ್ಕಳಿಗೆ ಅಲ್ಲಿ ಆದಾಯದ ಮಿತಿ ಕೇಳುವುದಿಲ್ಲ.

ಘಟಪ್ರಭಾ ದಂಡೆ

ಅಕ್ಕಾ, ಹಿರಿಯರೇ, ರಾತ್ರಿಯೇ ಡಬ್ಬಿ ತೆರೆದೆ. ಏಳು ಚೀಟಿಗಳಿವೆ. ಒಂದರಲ್ಲಿ ಅವರ ಹೆಸರು, ಟ್ರ್ಯಾಕ್ಟರ್ ಸಂಖ್ಯೆ, 18 ಟನ್ ಚಿಲ್ಲರೆ ತೂಕ ಸ್ಪಷ್ಟವಾಗಿದೆ. ಮೂರರಲ್ಲಿ ಮಸಿ ಮಾಸಿ ತಾರೀಖು ಕಾಣುತ್ತಿಲ್ಲ. ಹೊಲಿಗೆಯ ಹಣವನ್ನು ಬರೆಯುತ್ತೇನೆ, ಅಣ್ಣನಿಗೂ ಹೇಳಿದೆ. ಮಾಸಿದ ಚೀಟಿಗಳು ನಡೆಯುತ್ತವೆಯೇ?

ನಿವೃತ್ತ ಶಿರಸ್ತೇದಾರ, ಜಮಖಂಡಿ

ಮೊದಲು ಏಳಕ್ಕೂ ಝೆರಾಕ್ಸ್ ಮಾಡಿಸಿ, ಮೂಲ ಚೀಟಿಗಳನ್ನು ಬಿಸಿಲು ತಾಗದಂತೆ ಇಡಿ. ಮಾಸಿದ್ದನ್ನು ಕಾರ್ಖಾನೆಯ ಲೆಡ್ಜರ್ ಜೊತೆ ಹೊಂದಿಸಿ ತೋರಿಸಬಹುದು. ಸಮನ್ಸ್ ಅರ್ಜಿಯಲ್ಲಿ ಆ ಟ್ರ್ಯಾಕ್ಟರ್ ಸಂಖ್ಯೆಯನ್ನೂ ಹಂಗಾಮಿನ ವರ್ಷವನ್ನೂ ಬರೆಸಲು ಮರೆಯಬೇಡಿ.