‘ಮರಿ’ ಎಂದರೆ ಎಷ್ಟು ಉದ್ದದ ಮರಿ? ಮೀನು ಸಾಕಣೆಯ ಪದಗಳ ಬಗ್ಗೆ ಒಂದು ಪ್ರಶ್ನೆ

ಸವಳುಹೊಲ (ಜಮಖಂಡಿ ತಾಲ್ಲೂಕು) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸವಳು-ಜವಳಾಗಿ ಕಬ್ಬು ಕೈಬಿಟ್ಟ 20 ಗುಂಟೆ ತಗ್ಗು ಜಾಗದಲ್ಲಿ ಹೊಂಡ ತೆಗೆಸಿ ಎರಡು ವರ್ಷವಾಯಿತು. ಮಳೆಗಾಲದ ನಂತರ ಆರು ಅಡಿ ನೀರು ನಿಲ್ಲುತ್ತದೆ, ಕಾಲುವೆಯ ನೀರನ್ನೂ ಬಿಟ್ಟುಕೊಳ್ಳುತ್ತೇವೆ. ಕಳೆದ ವರ್ಷ 5,000 ಮೀನುಮರಿ ತಂದು ಬಿಟ್ಟಿದ್ದೆ. ಹತ್ತು ತಿಂಗಳ ನಂತರ ಬಲೆ ಎಳೆಸಿದಾಗ ಸಿಕ್ಕಿದ್ದು 300ಕ್ಕೂ ಕಡಿಮೆ. ಮರಿ ಕೊಟ್ಟವರು ನಿಮ್ಮ ನೀರು ಸರಿಯಿಲ್ಲ ಎಂದರು, ಪಕ್ಕದ ಹೊಲದವರು ಆಹಾರ ಸಾಲಲಿಲ್ಲ ಎಂದರು. ಈ ಸಲ ತಿಳಿದುಕೊಂಡೇ ಮಾಡೋಣವೆಂದು ತರಬೇತಿಯಲ್ಲಿ ಕೊಟ್ಟಿದ್ದ ಕೈಪಿಡಿ ತೆರೆದರೆ ಸ್ಪಾನ್, ಫ್ರೈ, ಫಿಂಗರ್‌ಲಿಂಗ್, ರಸಸಾರ, ಕ್ಷಾರೀಯತೆ, ಕರಗಿದ ಆಮ್ಲಜನಕ, ಎಫ್‌ಸಿಆರ್ ಎಂದು ಪುಟಗಟ್ಟಲೆ ಪದಗಳಿವೆ. ನಿಘಂಟಿನ ಅರ್ಥ ನನಗೆ ಬೇಡ. ಯಾವ ಪದ ತಿಳಿಯದಿದ್ದರೆ ಎಲ್ಲಿ ದುಡ್ಡು ಹೋಗುತ್ತದೆ ಎಂಬುದನ್ನು ಅನುಭವಿಗಳು ತಿಳಿಸಿದರೆ ಉಪಕಾರವಾಗುತ್ತದೆ.

ಘಟಪ್ರಭಾದಂಡೆ (ಮುಧೋಳ) ಉತ್ತರ:

ತಮ್ಮ ದುಡ್ಡು ಹೋದದ್ದು ಬಹುಶಃ ಮೊದಲ ಮೂರು ಪದಗಳಲ್ಲಿಯೇ. ನಾನು ಎಂಟು ವರ್ಷಗಳಿಂದ ಮರಿ ತಂದು ಬೆಳೆಸಿ ಮಾರುತ್ತಿದ್ದೇನೆ, ಆದ್ದರಿಂದ ಮಾರುವವರ ಭಾಷೆಯೂ ಸ್ವಲ್ಪ ಗೊತ್ತಿದೆ. ನಮ್ಮ ಬಾಯಲ್ಲಿ ಎಲ್ಲವೂ ‘ಮರಿ’. ಆದರೆ ಮೊಟ್ಟೆಯೊಡೆದು ಮೂರು ನಾಲ್ಕು ದಿನವಾದ, ಅಕ್ಕಿಕಾಳಿನಷ್ಟೇ ಉದ್ದವಿರುವ, ನೀರಿನಲ್ಲಿ ಕಣ್ಣು ಮಾತ್ರ ಕಾಣಿಸುವ ಮರಿ ಸ್ಪಾನ್. ಅದನ್ನು ನರ್ಸರಿ ಹೊಂಡದಲ್ಲಿ 15ರಿಂದ 20 ದಿನ ಸಾಕಿ ಸುಮಾರು 25 ಮಿಲಿಮೀಟರ್, ಅಂದರೆ ಒಂದು ಇಂಚು ಮಾಡಿದರೆ ಫ್ರೈ. ಮುಂದೆ ಪಾಲನಾ ಹೊಂಡದಲ್ಲಿ ಎರಡು ಮೂರು ತಿಂಗಳು ಬೆಳೆಸಿ 80ರಿಂದ 100 ಮಿಲಿಮೀಟರ್, ಅಂದರೆ ತೋರುಬೆರಳಿನಷ್ಟು ಉದ್ದವಾದಾಗ ಫಿಂಗರ್‌ಲಿಂಗ್. ಬಲಿತ ಬಿತ್ತನೆ ಮರಿ ಎನ್ನುವುದೂ ಇದನ್ನೇ. ದೊಡ್ಡ ಹೊಂಡಕ್ಕೆ ಬಿಡಬೇಕಾದದ್ದು ಈ ಮೂರನೆಯದು ಮಾತ್ರ.

ಚೆನ್ನಾಗಿ ನೋಡಿಕೊಂಡ ನರ್ಸರಿಯಲ್ಲಿಯೂ ನೂರು ಸ್ಪಾನ್‌ನಲ್ಲಿ ಫ್ರೈ ಹಂತ ಮುಟ್ಟುವುದು 30ರಿಂದ 40. ನೂರು ಫ್ರೈಗಳಲ್ಲಿ ಬೆರಳುದ್ದಕ್ಕೆ ಬರುವುದು 60ರಿಂದ 70. ಇದು ಶತ್ರುಗಳಿಲ್ಲದ, ಸಿದ್ಧಗೊಳಿಸಿದ ಹೊಂಡದ ಲೆಕ್ಕ. ಕಾಲುವೆಯ ನೀರಿನೊಂದಿಗೆ ಕೊರವ, ಬಾಳೆಮೀನಿನಂಥ ಹಿಡಿದು ತಿನ್ನುವ ಮೀನುಗಳೂ ಸಣ್ಣ ಕಳೆಮೀನುಗಳೂ ಸೇರಿಕೊಂಡಿರುವ ತಮ್ಮ ಹೊಂಡದಲ್ಲಿ ಬಹುಶಃ ಒಂದಿಂಚಿನವೇ ಆಗಿದ್ದ 5,000 ಮರಿ ಬಿಟ್ಟದ್ದು ಕೊರವಗಳಿಗೆ ಊಟಕ್ಕಿಟ್ಟಂತಾಯಿತು. ಹೊಲಕ್ಕೆ ಸಸಿ ನೆಡುವ ಮೊದಲು ಕಳೆ ತೆಗೆಯುವ ಹಾಗೆ ಇಲ್ಲಿ ಈ ಮೀನುಗಳನ್ನು ಕೊಲ್ಲಲು ಹಿಪ್ಪೆ ಹಿಂಡಿ ಹಾಕುತ್ತಾರೆ. ಪ್ರಮಾಣ ಹೆಕ್ಟೇರಿಗೆ ಒಂದು ಮೀಟರ್ ನೀರಿಗೆ 2,500 ಕಿಲೋ. ತಮ್ಮ 20 ಗುಂಟೆಯಲ್ಲಿ ಮೀಟರ್ ನೀರಿದ್ದರೆ 500 ಕಿಲೋ ಬೇಕು. ಅದೇ ಬೇಸಿಗೆಯಲ್ಲಿ ನೀರು ಒಂದು ಅಡಿಗಿಳಿದಾಗ ಹಾಕಿದರೆ 150 ಕಿಲೋದಲ್ಲಿ ಮುಗಿಯುತ್ತದೆ. ವಿಷ ಇಳಿಯಲು ಮೂರು ವಾರ ಬಿಡಬೇಕು, ನಂತರ ಅದೇ ಹಿಂಡಿ ಗೊಬ್ಬರವಾಗುತ್ತದೆ.

‘ಕುಂಠಿತ ಮರಿ’ ಎಂಬ ಇನ್ನೊಂದು ಮಾತು ಕಿವಿಗೆ ಬಿದ್ದರೆ ಅದನ್ನು ರೋಗದ ಮರಿ ಎಂದು ತಿಳಿಯಬೇಡಿ. ಕಾಟ್ಲಾ, ರೋಹು, ಮೃಗಾಲ್ ಮೀನುಗಳು ಮಳೆಗಾಲದ ಹರಿಯುವ ಹೊಳೆಯಲ್ಲಲ್ಲದೆ ನಿಂತ ನೀರಿನಲ್ಲಿ ತಾವಾಗಿ ಮೊಟ್ಟೆಯಿಡುವುದಿಲ್ಲ. 1957ರಲ್ಲಿ ವಿಜ್ಞಾನಿಗಳಾದ ಹೀರಾಲಾಲ್ ಚೌಧುರಿ ಮತ್ತು ಅಲಿಕುಂಞಿ ಅವರು ಮೀನಿನ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಮರಿ ಮಾಡಿಸಿದ ಮೇಲೆಯೇ ನಮಗೆ ಮರಿಕೇಂದ್ರಗಳು ಸಿಕ್ಕಿದ್ದು. ಜುಲೈ 10ನ್ನು ಮೀನು ಕೃಷಿಕರ ದಿನವೆಂದು ಆಚರಿಸುವುದು ಅದರ ನೆನಪಿಗೆ. ಆದರೂ ಹಂಗಾಮು ಮಾತ್ರ ಮಳೆಗಾಲದ್ದೇ ಉಳಿಯಿತು. ಆದ್ದರಿಂದ ಕೆಲವರು ಮರಿಗಳನ್ನು ಒತ್ತೊತ್ತಾಗಿ, ಅರೆಹೊಟ್ಟೆಯಲ್ಲಿ ವರ್ಷವಿಡೀ ಹಿಡಿದಿಟ್ಟು ಬೇಸಿಗೆಯಲ್ಲಿಯೂ ಮಾರುತ್ತಾರೆ. ಜಾಗ ಮತ್ತು ಆಹಾರ ಸಿಕ್ಕ ಕೂಡಲೇ ಅವು ಹಿಂದಿನ ಬಾಕಿಯನ್ನೆಲ್ಲ ತೀರಿಸುವಂತೆ ಬೆಳೆಯುತ್ತವೆ. ಬೆಲೆ ಹೆಚ್ಚು, ಆದರೆ ಸಾಯುವುದು ಕಡಿಮೆ.

ವಿಜ್ಞಾನದ ಮಾಸ್ತರ (ವಿಜಯಪುರ) ಉತ್ತರ:

ಮರಿಯ ವಿಷಯದಲ್ಲಿ ಮೇಲಿನವರ ಮಾತನ್ನು ಒಪ್ಪುತ್ತೇನೆ. ಆದರೆ ಸವಳು ನೆಲವೆಂದ ಮೇಲೆ ನೀರನ್ನು ಅಷ್ಟು ಸುಲಭವಾಗಿ ನಿರ್ದೋಷಿಯೆಂದು ಬಿಡಲಾಗದು. ನಮ್ಮ ಕಡೆ ‘ಕ್ಷಾರ’ ಎಂಬ ಒಂದೇ ಪದವನ್ನು ಮೂರು ಬೇರೆ ಸಂಗತಿಗಳಿಗೆ ಬಳಸುತ್ತಿರುವುದರಿಂದ ಪರೀಕ್ಷೆಯ ವರದಿ ಕೈಗೆ ಬಂದರೂ ರೈತನಿಗೆ ತಿಳಿಯುವುದಿಲ್ಲ. ರಸಸಾರವೆಂದರೆ (ಪಿಎಚ್) ನೀರು ಆ ಗಳಿಗೆಯಲ್ಲಿ ಹುಳಿಯ ಕಡೆಗಿದೆಯೋ ಕ್ಷಾರದ ಕಡೆಗಿದೆಯೋ ಎಂಬ ಅಳತೆ, ಕಾಟ್ಲಾ, ರೋಹು, ಮೃಗಾಲ್‌ನಂಥ ಗೆಂಡೆ ಮೀನುಗಳಿಗೆ 7ರಿಂದ 8.5 ಹಿತ. ಕ್ಷಾರೀಯತೆಯೆಂದರೆ ಆ ರಸಸಾರ ಏರಿಳಿಯದಂತೆ ತಡೆದು ಹಿಡಿಯುವ ನೀರಿನ ಶಕ್ತಿ, ಅದನ್ನು ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಹೇಳುತ್ತಾರೆ. ಲವಣಾಂಶವೆಂದರೆ ಬರೀ ಉಪ್ಪು. ಲೀಟರಿಗೆ ಎರಡು ಮೂರು ಗ್ರಾಂ ಉಪ್ಪಿದ್ದರೂ ಗೆಂಡೆಗಳು ಹೆಚ್ಚು ಬಾಧೆಯಿಲ್ಲದೆ ಬೆಳೆಯುತ್ತವೆ, ಆದರೆ ರಸಸಾರ 9 ದಾಟಿದರೆ ಉಪ್ಪು ಕಡಿಮೆಯಿದ್ದರೂ ಕಷ್ಟ.

ಕಷ್ಟವೇಕೆಂದರೆ ಮೀನಿನ ಹಿಕ್ಕೆಯಿಂದಲೂ ಕೊಳೆತ ಆಹಾರದಿಂದಲೂ ಹುಟ್ಟುವ ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ. ಅವುಗಳಲ್ಲಿ ಒಂದು ಮಾತ್ರ ವಿಷ. ನೀರು 28 ಡಿಗ್ರಿ ಇರುವಾಗ ರಸಸಾರ 7ರಲ್ಲಿ ಒಟ್ಟು ಅಮೋನಿಯಾದ ನೂರರಲ್ಲಿ ಒಂದು ಪಾಲೂ ವಿಷರೂಪದಲ್ಲಿರುವುದಿಲ್ಲ. ಅದೇ ರಸಸಾರ 9ಕ್ಕೆ ಏರಿದರೆ ಸುಮಾರು 40 ಪಾಲು ವಿಷವಾಗುತ್ತದೆ. ಅದೇ ಹೊಂಡ, ಅದೇ ಮೀನು, ಅದೇ ಕೊಳೆ. ಆದ್ದರಿಂದ ಕೈಪಿಡಿಯಲ್ಲಿ ಸುಣ್ಣ ಹಾಕಿ ಎಂದಿದೆ ಎಂದು ಸವಳು ಹೊಂಡಕ್ಕೆ ಸುಟ್ಟ ಸುಣ್ಣ ಸುರಿಯಬೇಡಿ. ಆ ಸಲಹೆ ಹುಳಿಮಣ್ಣಿನ ಸೀಮೆಗೆ ಸರಿ. ತಮ್ಮಲ್ಲಿ ಸುಣ್ಣದಂಶ ಬೇಕಾದರೆ ರಸಸಾರವನ್ನು ಏರಿಸದ ಜಿಪ್ಸಂ ಮೇಲು, ಅದೂ ನೀರು ಪರೀಕ್ಷೆಯಾದ ಮೇಲೆ.

ಅಳತೆಯ ಹೊತ್ತನ್ನು ವರದಿಯಲ್ಲಿ ಯಾರೂ ಬರೆಯುವುದಿಲ್ಲ, ಇದು ನನ್ನ ಹಳೆಯ ತಕರಾರು. ಹಸಿರು ನೀರಿನಲ್ಲಿರುವ ಸಸ್ಯಪ್ಲವಕ, ಅಂದರೆ ಕಣ್ಣಿಗೆ ಬಿಡಿಯಾಗಿ ಕಾಣದ ತೇಲುವ ಪಾಚಿ, ಹಗಲಿನಲ್ಲಿ ಆಮ್ಲಜನಕ ಬಿಡುತ್ತದೆ, ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತದೆ. ಹಾಗಾಗಿ ಮಧ್ಯಾಹ್ನ ಮೂರಕ್ಕೆ ರಸಸಾರವೂ ಆಮ್ಲಜನಕವೂ ಏರಿರುತ್ತವೆ. ರಾತ್ರಿಯೆಲ್ಲ ಅದೇ ಪಾಚಿ ಮೀನಿನ ಜೊತೆ ತಾನೂ ಉಸಿರಾಡುವುದರಿಂದ ನಸುಕಿನ ಐದು ಗಂಟೆಗೆ ಆಮ್ಲಜನಕ ತಳ ಕಂಡಿರುತ್ತದೆ. ಕರಗಿದ ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಂ ಇದ್ದರೆ ಚಿಂತೆಯಿಲ್ಲ, 3ಕ್ಕಿಂತ ಕೆಳಗಿಳಿದರೆ ಮೀನು ಮೇವು ಬಿಡುತ್ತದೆ. ನಮ್ಮ ಬೇಸಿಗೆಯ 30 ಡಿಗ್ರಿ ನೀರು ಗಾಳಿಯಿಂದ ಹಿಡಿದಿಟ್ಟುಕೊಳ್ಳಬಲ್ಲದ್ದೇ ಏಳೂವರೆ ಮಿಲಿಗ್ರಾಂ. ಉಪಕರಣವಿಲ್ಲದವರು ನಸುಕಿನಲ್ಲಿ ಏರಿಯ ಮೇಲೆ ಹತ್ತು ನಿಮಿಷ ಸದ್ದಿಲ್ಲದೆ ಕೂತು ನೋಡಬೇಕು. ಮೀನುಗಳು ಮೇಲ್ಮೈಗೆ ಬಂದು ದುಂಡಗೆ ಬಾಯಿ ತೆರೆದು ಮುಚ್ಚುತ್ತಾ, ಕಲ್ಲೆಸೆದರೂ ಕೆಳಗೆ ಹೋಗದಿದ್ದರೆ ಅಂದು ಮೇವು ಹಾಕುವ ಮಾತೇ ಬೇಡ, ಪಂಪು ಚಾಲೂ ಮಾಡಿ ಅದೇ ನೀರನ್ನು ಎತ್ತರದಿಂದ ಸುರಿಸಿ.

ಅಥಣಿ ರೈತ ಉತ್ತರ:

ಮಾಸ್ತರರು ಹೇಳಿದ್ದಕ್ಕೆ ಒಂದು ತಿದ್ದುಪಡಿ. ಹಸಿರು ನೀರೆಂದರೆ ಹೆದರಿ ಕೆಲವರು ಗೊಬ್ಬರವನ್ನೇ ನಿಲ್ಲಿಸಿಬಿಡುತ್ತಾರೆ, ಅದೂ ತಪ್ಪು. ಮೇಲ್ಪದರದ ಕಾಟ್ಲಾ ಬದುಕುವುದೇ ಆ ಪಾಚಿಯನ್ನು ತಿಂದು ಬೆಳೆಯುವ ಪ್ರಾಣಿಪ್ಲವಕದ, ಅಂದರೆ ತೇಲುವ ಸಣ್ಣ ಜೀವಿಗಳ ಮೇಲೆ. ಮೊಣಕೈವರೆಗೆ ಕೈ ಮುಳುಗಿಸಿದಾಗ ಅಂಗೈ ಮಸುಕಾಗಿ ಕಂಡರೆ ಹಸಿರು ಹದವಾಗಿದೆ. ಮಣಿಕಟ್ಟು ಮುಳುಗುವಷ್ಟರಲ್ಲಿಯೇ ಅಂಗೈ ಮಾಯವಾದರೆ ಸೆಗಣಿ ನಿಲ್ಲಿಸಿ. ಮಿಶ್ರ ಮೀನು ಸಾಕಣೆ ಎಂಬ ಪದದ ಅರ್ಥ ಇಲ್ಲಿಯೇ ಇದೆ: ಕಾಟ್ಲಾ ಮೇಲೆ, ರೋಹು ನಡುವೆ, ಮೃಗಾಲ್ ತಳದಲ್ಲಿ ತಿನ್ನುವುದರಿಂದ ಒಂದೇ ಹೊಂಡದಲ್ಲಿ ಮೂರು ಬೆಳೆ. ಹುಲ್ಲುಗೆಂಡೆ ಸೇರಿಸಿದರೆ ಏರಿಯ ಮೇಲಿನ ಕುದುರೆ ಮಸಾಲೆಯೋ ನೇಪಿಯರ್ ಹುಲ್ಲೋ ಅದಕ್ಕೆ ಸಾಕು. ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿಹೊಂಡದಲ್ಲಿ ಮಣ್ಣಿನ ತಳವಿಲ್ಲದ ಕಾರಣ ಮೃಗಾಲ್‌ಗೆ ಹೆಚ್ಚು ಕೆಲಸವಿರುವುದಿಲ್ಲ.

ಎಫ್‌ಸಿಆರ್ ಎಂದರೆ ಒಂದು ಕಿಲೋ ಮೀನು ಹೆಚ್ಚಲು ಎಷ್ಟು ಕಿಲೋ ಆಹಾರ ಹಿಡಿಯಿತು ಎಂಬ ಲೆಕ್ಕ. 10 ಕಿಲೋ ಮರಿ ಬಿಟ್ಟು, 600 ಕಿಲೋ ಆಹಾರ ಹಾಕಿ, 400 ಕಿಲೋ ಮೀನು ಹಿಡಿದರೆ ಹೆಚ್ಚಿದ್ದು 390 ಕಿಲೋ, ಅನುಪಾತ ಒಂದೂವರೆಯ ಆಸುಪಾಸು. ಈ ಲೆಕ್ಕ ಕೆಡುವುದು ಆಹಾರದಿಂದಲ್ಲ, ತಲೆಯೆಣಿಕೆಯಿಂದ. ತಿಂಗಳಿಗೊಮ್ಮೆ ಬೀಸುಬಲೆ ಹಾಕಿ 30 ಮೀನು ತೂಗಿದಾಗ 6 ಕಿಲೋ ಬಂತೆಂದರೆ ಸರಾಸರಿ 200 ಗ್ರಾಂ. ಹೊಂಡದಲ್ಲಿ 1,000 ಮೀನಿವೆ ಎಂದು ನಂಬಿದರೆ ಒಟ್ಟು ಜೀವತೂಕ 200 ಕಿಲೋ, ಅದರ ಶೇಕಡಾ 2ರಂತೆ ದಿನಕ್ಕೆ 4 ಕಿಲೋ ಶೇಂಗಾ ಹಿಂಡಿ ಮತ್ತು ತೌಡು. ನಿಜವಾಗಿ ಉಳಿದಿರುವುದು 600 ಆಗಿದ್ದರೆ ಬೇಕಾದದ್ದು 2.4 ಕಿಲೋ ಮಾತ್ರ. ಉಳಿದ 1.6 ಕಿಲೋ ದಿನಾಲೂ ತಳದಲ್ಲಿ ಕೊಳೆತು ಮಾಸ್ತರರು ಹೇಳಿದ ಅಮೋನಿಯಾ ಆಗುತ್ತದೆ. ಮರಿಯನ್ನು ಅಳತೆ ಮಾಡಿ ಕೊಳ್ಳದವನ ಎಫ್‌ಸಿಆರ್ ಕೊನೆಯವರೆಗೂ ಸುಳ್ಳೇ. ನಾನು ಆಹಾರವನ್ನು ತೂತು ಮಾಡಿದ ಚೀಲದಲ್ಲಿ ತುಂಬಿ ಬಿದಿರಿಗೆ ಕಟ್ಟಿ ಇಳಿಬಿಡುತ್ತೇನೆ. ಸಂಜೆ ಚೀಲದಲ್ಲಿ ಉಳಿದಿದ್ದರೆ ಮರುದಿನ ಅಷ್ಟು ಕಡಿಮೆ.

ಬಿತ್ತನೆ ಸಾಂದ್ರತೆಯ ಬಗ್ಗೆಯೂ ಒಂದು ಮಾತು. ಹೆಕ್ಟೇರಿಗೆ 5,000ದಿಂದ 10,000 ಎಂಬ ಲೆಕ್ಕದಲ್ಲಿ ತಮ್ಮ 20 ಗುಂಟೆಗೆ 1,000ದಿಂದ 2,000 ಬಲಿತ ಮರಿ ಸಾಕು. ಗಾಳಿಯಾಡಿಸುವ ಯಂತ್ರವಿಲ್ಲದಿದ್ದರೆ 1,200 ದಾಟಬೇಡಿ. ಬಯೋಫ್ಲಾಕ್ ತೊಟ್ಟಿ ಕಟ್ಟಿ, ಬೆಲ್ಲ ಹಾಕಿದರೆ ಬ್ಯಾಕ್ಟೀರಿಯಾ ಅಮೋನಿಯಾವನ್ನು ತಿಂದು ತಾವೇ ಮೀನಿನ ಮೇವಾಗುತ್ತವೆ ಎಂದು ಹೇಳುವವರು ಸಿಗುತ್ತಾರೆ. ಹೇಳುವುದು ಸುಳ್ಳಲ್ಲ, ಬೆಲ್ಲಕ್ಕೂ ನಮ್ಮಲ್ಲಿ ಬರವಿಲ್ಲ. ಆದರೆ ಅದರಲ್ಲಿ ಗಾಳಿ ಹಗಲೂ ರಾತ್ರಿ ನಡೆಯಬೇಕು, ಕರೆಂಟು ಹೋದ ಸ್ವಲ್ಪ ಹೊತ್ತಿನಲ್ಲಿಯೇ ಮೀನು ತೇಲುತ್ತವೆ. ತ್ರೀ ಫೇಸ್ ಎಷ್ಟು ಗಂಟೆ ಬರುತ್ತದೆ ಎಂಬುದು ತಮಗೇ ಗೊತ್ತು.

ಸವಳುಹೊಲ ಮರಳಿ ಬರೆದದ್ದು:

ಎಲ್ಲರಿಗೂ ಧನ್ಯವಾದಗಳು. ನಿನ್ನೆ ‘ಬೆರಳುದ್ದದ ಮರಿ’ ಎಂದು ಹೇಳಿದ ಒಂದು ಚೀಲವನ್ನು ಮೊದಲು ತರಿಸಿದೆ. ಚೀಲವನ್ನು ಇಪ್ಪತ್ತು ನಿಮಿಷ ಹೊಂಡದಲ್ಲಿ ತೇಲಿಬಿಟ್ಟು, ಬಾಯಿ ಬಿಚ್ಚಿ ಹೊಂಡದ ನೀರನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸುತ್ತಾ, ಬಿಡುವ ಮೊದಲು ಹತ್ತು ಮರಿಗಳನ್ನು ಒದ್ದೆ ತಟ್ಟೆಯಲ್ಲಿಟ್ಟು ಮಗಳ ಸ್ಕೂಲಿನ ಸ್ಕೇಲಿನಿಂದ ಅಳೆದೆ. ಏಳು ಮರಿಗಳು 30 ಮಿಲಿಮೀಟರ್ ಒಳಗೆ, ಎರಡು 45ರ ಆಸುಪಾಸು, ಒಂದು ಮಾತ್ರ 80. ತಂದವನು ಸ್ಕೇಲನ್ನು ನೋಡಿ ‘ಇದೆಂಥ ಅಳತೆರೀ, ಬೆರಳು ಒಬ್ಬೊಬ್ಬರದು ಒಂದೊಂದು ಥರಾ ಇರತೈತಿ’ ಎಂದ. ದರ ಇಳಿಸಿದ್ದರಿಂದ ಚೀಲವನ್ನು ಹಿಂದಿರುಗಿಸಲಿಲ್ಲ, ಆದರೆ ಹೊಂಡಕ್ಕೆ ಬಿಡದೆ ಹಾಪಾ, ಅಂದರೆ ನೀರಿನಲ್ಲಿ ಇಳಿಬಿಡುವ ಬಲೆಬಟ್ಟೆಯ ತೊಟ್ಟಿ ಕಟ್ಟಿ ಅದರಲ್ಲಿ ಇಟ್ಟಿದ್ದೇನೆ. ಸದ್ಯಕ್ಕೆ ಸೊಳ್ಳೆಪರದೆಯ ಬಟ್ಟೆ ಬಳಸಿದ್ದೇನೆ. ಸರಿಯೇ?

ಘಟಪ್ರಭಾದಂಡೆ ಉತ್ತರ:

ಒಂದಿಂಚಿನ ಮರಿಗೆ ಆ ಬಟ್ಟೆ ನಡೆಯುತ್ತದೆ. ವಾರಕ್ಕೊಮ್ಮೆ ಹೊರಗಿನಿಂದ ಬ್ರಷ್ ಆಡಿಸಿ ಪಾಚಿ ತೆಗೆಯದಿದ್ದರೆ ಬಟ್ಟೆಯ ತೂತುಗಳು ಕಟ್ಟಿ ಒಳಗೆ ನೀರು ಹರಿಯುವುದಿಲ್ಲ. ತಳವನ್ನು ನೆಲಕ್ಕೆ ತಾಗಿಸದೆ ಒಂದು ಅಡಿ ಮೇಲೆತ್ತಿ ಕಟ್ಟಿ, ಇಲ್ಲವಾದರೆ ಏಡಿಗಳು ಕತ್ತರಿಸುತ್ತವೆ. ಮೇಲೂ ಒಂದು ಬಲೆ ಮುಚ್ಚಿ, ಮಿಂಚುಳ್ಳಿಗೆ ಬಡಿಸಿಟ್ಟ ಊಟ ಸಿಗಬಾರದು. ಎರಡು ತಿಂಗಳ ನಂತರ ಅದೇ ಸ್ಕೇಲು ತೆಗೆದುಕೊಂಡು ಮತ್ತೆ ಹತ್ತನ್ನು ಅಳೆದು ಇಲ್ಲಿ ಬರೆಯಿರಿ.