ಅಪ್‌ಡೇಟ್: ಪುಣೆಯಿಂದ ಅಂಡಮಾನ್, 6 ರಾತ್ರಿಯ ಪ್ಲಾನ್ ಬದಲಾಯ್ತು

ಜನವರಿಯಲ್ಲಿ ಅಪ್ಪ-ಅಮ್ಮ, 8 ವರ್ಷದ ಮಗಳ ಜೊತೆ ಹೋಗೋಕೆ, 6 ರಾತ್ರಿಯನ್ನು ಅಲ್ಲಿನ ಊರು-ದ್ವೀಪಗಳಿಗೆ ಹೇಗೆ ಹಂಚೋದು ಅಂತ ಇಲ್ಲಿ ಕೇಳಿದ್ದೆ. ನಿಮ್ಮ ಸಲಹೆಯಂತೆ ಹೀಗಾಗಿದೆ: ಪೋರ್ಟ್ ಬ್ಲೇರ್ (ಈಗ ಶ್ರೀ ವಿಜಯ ಪುರಂ) 1, ಹ್ಯಾವ್‌ಲಾಕ್ ದ್ವೀಪ (ಈಗ ಸ್ವರಾಜ್ ದ್ವೀಪ) 3, ನೀಲ್ ದ್ವೀಪ (ಈಗ ಶಹೀದ್ ದ್ವೀಪ) 1, ಮತ್ತೆ ಪೋರ್ಟ್ ಬ್ಲೇರ್ 1.

ಪೋರ್ಟ್ ಬ್ಲೇರ್‌ನ ಆ ಕೊನೆಯ ರಾತ್ರಿಯನ್ನು ಮಾತ್ರ ಯಾರೂ ಕೈಬಿಡಬೇಡಿ. ಗಾಳಿ ಜೋರಾದರೆ ದ್ವೀಪಗಳ ನಡುವಿನ ಫೆರ್ರಿ (ಪ್ರಯಾಣಿಕರ ಹಡಗು) ರದ್ದಾಗಬಹುದು. ನೀಲ್‌ನಿಂದ ಬಂದ ದಿನವೇ ವಿಮಾನ ಇಟ್ಟುಕೊಂಡರೆ ಟಿಕೆಟ್ ಹೋದ ಹಾಗೇ. ಸ್ಕೂಬಾ (ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿಯೋದು) ಮಾಡುವವರಿಗೂ ಇದೇ ಅನುಕೂಲ, ಡೈವ್ ಆದ ಮೇಲೆ 18ರಿಂದ 24 ಗಂಟೆ ವಿಮಾನ ಹತ್ತಬಾರದು. 10 ವರ್ಷದೊಳಗಿನ ಮಕ್ಕಳಿಗೆ ಸಾಮಾನ್ಯವಾಗಿ ಸ್ಕೂಬಾ ಇಲ್ಲ, ಹಾಗಾಗಿ ಮಗಳಿಗೆ ಸ್ನಾರ್ಕೆಲಿಂಗ್ (ಕೊಳವೆಯಲ್ಲಿ ಉಸಿರಾಡುತ್ತಾ ನೀರಿನ ಮೇಲೇ ತೇಲಿ ಕೆಳಗೆ ನೋಡೋದು).

ಅಲ್ಲಿ ಸಂಜೆ ಐದೂವರೆಗೆಲ್ಲ ಕತ್ತಲು. ಹಾಗಾಗಿ ಹ್ಯಾವ್‌ಲಾಕ್‌ನ ರಾಧಾನಗರ ಬೀಚಿಗೆ ನಾಲ್ಕಕ್ಕೇ ತಲುಪಬೇಕು. ವಾಂತಿ ಮಾತ್ರೆ ಫೆರ್ರಿ ಹತ್ತುವ ಮೊದಲೇ ನುಂಗಬೇಕು, ಹೊಟ್ಟೆ ತೊಳಸಿದ ಮೇಲೆ ನಿಲ್ಲಲ್ಲ. ಬಿಪಿ ಮಾತ್ರೆ ತಗೊಳ್ಳೋ ಹಿರಿಯರಿಗೆ ಡಾಕ್ಟರನ್ನು ಕೇಳಿಯೇ ಕೊಡಿ.