ಪದಚರ್ಚೆ: ಹಳೆಯ ಪಬ್‌ನೊಳಗಿನ ‘ಸ್ನಗ್’ಗೆ ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ: ಬೆಲ್‌ಫಾಸ್ಟ್‌ನ ಗ್ರೇಟ್ ವಿಕ್ಟೋರಿಯಾ ಸ್ಟ್ರೀಟಿನಲ್ಲಿರುವ ‘ಕ್ರೌನ್ ಲಿಕರ್ ಸಲೂನ್’ ಎಂಬ ಹಳೆಯ ಪಬ್ ಕುರಿತ ಲೇಖನದಲ್ಲಿ ಮೂರು ಪದಗಳು ತೊಡಕಾಗಿವೆ. ‘ಸಲೂನ್’ ಹಾಗೆಯೇ ಇರಬಹುದೇ? ‘ಸ್ನಗ್’ ಎಂದರೆ ‘ಖಾಸಗಿ ಕೋಣೆ’ ತಾನೇ? ‘ಗನ್‌ಮೆಟಲ್’ಗೆ ಕರಡಿನಲ್ಲಿ ‘ಬಂದೂಕಿನ ಕಬ್ಬಿಣ’ ಎಂದಿದೆ. ತಿಳಿದವರು ತಿದ್ದಿಕೊಡಿ.

ಉತ್ತರ: ಸಾರ್, ಹೆಸರಿನಲ್ಲಿರುವ ‘ಸಲೂನ್’ ಇರಲಿ. ವಿವರಣೆಯಲ್ಲಿ ಮಾತ್ರ ಬೇಡ, ನಮ್ಮಲ್ಲಿ ಸಲೂನ್ ಎಂದರೆ ಕ್ಷೌರದಂಗಡಿ. ಮೂಲದಲ್ಲಿ ಅದಕ್ಕೆ ದೊಡ್ಡ ಹಜಾರ ಎಂದರ್ಥ. ರೈಲ್ವೆ ಅಧಿಕಾರಿಗಳ ಸಲೂನ್ ಬೋಗಿಯೂ ಅಲ್ಲಿಂದಲೇ ಬಂದದ್ದು. ‘ಪಬ್’ ಎಂದು ಬರೆದರೆ ಸಾಕು.

‘ಸ್ನಗ್’ ವಿಷಯದಲ್ಲಿ ‘ಕೋಣೆ’ ಎಂದರೆ ತಪ್ಪು ಚಿತ್ರ ಮೂಡುತ್ತದೆ. ಕ್ರೌನ್‌ನಲ್ಲಿ ಇಂಥವು ಹತ್ತಿವೆ, ಎ ಯಿಂದ ಜೆ ವರೆಗೆ ಅಕ್ಷರ ಗುರುತಿನವು. ಕೆತ್ತನೆಯ ಮರದ ಎತ್ತರದ ಅಡ್ಡಗೋಡೆ, ಬಾಗಿಲು, ಒಳಗೆ ಬೆಂಚು, ಮೇಜು, ಪರಿಚಾರಕರನ್ನು ಕರೆಯಲು ಗಂಟೆಯ ಗುಂಡಿ. ಆದರೆ ಸ್ವಂತ ಚಾವಣಿಯಿಲ್ಲ. ತಲೆಯೆತ್ತಿದರೆ ಕಾಣುವುದು ಪಬ್‌ನದೇ ಅಲಂಕೃತ ಚಾವಣಿ. ಮುಖ ಮರೆಯಾಗುತ್ತದೆ, ಮಾತು ಮರೆಯಾಗುವುದಿಲ್ಲ. ಕುಡಿಯುವುದು ನಾಲ್ಕು ಜನರ ಕಣ್ಣಿಗೆ ಬೀಳಬಾರದು ಎನ್ನುವವರಿಗೆ ಅಷ್ಟು ಮರೆ ಸಾಕಿತ್ತು.

‘ಅಂಕಣ’ ಆಗದು: ಅದು ಕಂಬಗಳ ನಡುವಿನ ತೆರೆದ ಜಾಗ, ಬಾಗಿಲಿಲ್ಲ. ನಮ್ಮ ಹೋಟೆಲುಗಳ ‘ಫ್ಯಾಮಿಲಿ ರೂಮ್’ ಕೆಲಸದಲ್ಲಿ ತೀರ ಹತ್ತಿರ, ಆದರೆ ಆ ಮಾತು ಕೇಳಿದೊಡನೆ ದೋಸೆಯ ವಾಸನೆ ಬರುತ್ತದೆ. ‘ಗೂಡು’ ನನಗೆ ಒಪ್ಪಿಗೆ, ಏಕೆಂದರೆ ಇಂಗ್ಲಿಷಿನ ಆ ಪದಕ್ಕೂ ಬೆಚ್ಚಗೆ ಹುದುಗಿಕೊಳ್ಳುವ ಅರ್ಥವಿದೆ. ದೀಪದ ಗೂಡೋ ಹಕ್ಕಿಯ ಗೂಡೋ ಎಂಬ ಅನುಮಾನ ಬಾರದಂತೆ ‘ಮರೆಗೂಡು’ ಎನ್ನಿ, ಮೊದಲ ಸಲ ಪಕ್ಕದಲ್ಲೇ ‘ಸ್ನಗ್’ ಕೂಡ ಇರಲಿ. ಬೇರೆ ಪಬ್‌ಗಳಲ್ಲಿ ಸ್ನಗ್ ಎಂದರೆ ಚಾವಣಿಯಿರುವ ನಿಜವಾದ ಸಣ್ಣ ಕೋಣೆಯೂ ಆಗಿರಬಹುದು. ಅಲ್ಲಿ ‘ಒಳಕೋಣೆ’ ಸರಿ.

‘ಸ್ನಾಬ್ ಸ್ಕ್ರೀನ್’ ಎಂಬುದನ್ನೂ ಇದರೊಂದಿಗೆ ಕಲಸಬೇಡಿ. ಅದು ಕೌಂಟರಿನ ಮೇಲೆ ಮುಖದ ಮಟ್ಟಕ್ಕೆ ಕೂಡಿಸಿದ, ತಿರುಗುವ ಕೊರೆತದ ಗಾಜಿನ ಫಲಕ. ತೆರೆದು ಪಾನೀಯ ಕೇಳಿ ಮುಚ್ಚಿಕೊಳ್ಳಬಹುದು. ಲಂಡನ್ನಿನ ಲ್ಯಾಂಬ್ಸ್ ಕಾಂಡ್ಯುಟ್ ಸ್ಟ್ರೀಟಿನ ‘ದ ಲ್ಯಾಂಬ್’ ಪಬ್‌ನಲ್ಲಿ ಈಗಲೂ ಇವೆ. ‘ತಿರುಗು ಗಾಜುಮರೆ’ ಎನ್ನಬಹುದು.

‘ಬಂದೂಕಿನ ಕಬ್ಬಿಣ’ವನ್ನು ದಯವಿಟ್ಟು ತೆಗೆಯಿರಿ. ಗನ್‌ಮೆಟಲ್‌ನಲ್ಲಿ ಕಬ್ಬಿಣ ಮುಖ್ಯವೇ ಅಲ್ಲ. ಅದು ಕಂಚಿನ ಜಾತಿ. ಹೆಸರಾಂತ ಪಾಕದಲ್ಲಿ ತಾಮ್ರ 88, ತವರ 10, ಸತು 2 ಭಾಗ. ಹಿಂದೆ ಫಿರಂಗಿ ಎರಕ ಹೊಯ್ಯುತ್ತಿದ್ದುದರಿಂದ ಆ ಹೆಸರು. ‘ಫಿರಂಗಿ ಕಂಚು’ ಎಂದರೆ ಲೋಹವೂ ತಿಳಿಯುತ್ತದೆ, ಹೆಸರಿನ ಕಾರಣವೂ ತಿಳಿಯುತ್ತದೆ. ಮರೆಗೂಡುಗಳಲ್ಲಿ ಈ ಲೋಹದ ಫಲಕ ಇರುವುದು ಬೆಂಕಿಕಡ್ಡಿ ಗೀರಲು. ಎಲ್ಲಿ ಉಜ್ಜಿದರೂ ಹೊತ್ತುವ ಹಳೆಯ ಬಗೆಯ ಕಡ್ಡಿಗೆ ಮಾಡಿದ್ದು ಅದು. ಇಂದಿನ ಸೇಫ್ಟಿ ಕಡ್ಡಿಗೆ ಬೇಕಾದ ಕೆಂಪು ರಂಜಕ ಪೆಟ್ಟಿಗೆಯ ಬದಿಯಲ್ಲಿರುತ್ತದೆ, ಫಲಕದಲ್ಲಿಲ್ಲ. ಅದಕ್ಕೇ ‘ಕಡ್ಡಿಪೆಟ್ಟಿಗೆಯ ಪಟ್ಟಿ’ ಎಂದೂ ಬರೆಯಬೇಡಿ.

ಇನ್ನೊಂದು: ಗೋಡೆ, ನೆಲದ ‘ಟೈಲ್’ಗೆ ‘ಹೆಂಚು’ ಹಾಕಿದರೆ ಓದುಗರ ಕಣ್ಣು ಮಾಡಿನತ್ತ ಹೋಗುತ್ತದೆ. ‘ಟೈಲ್ಸ್’ ಎಂದೇ ಬಿಡಿ. ವಾಕ್ಯ ಹೀಗಿರಬಹುದು: “1978ರಲ್ಲಿ ಪಾರಂಪರಿಕ ತಾಣಗಳನ್ನು ಕಾಪಾಡುವ ಸಂಸ್ಥೆ ನ್ಯಾಷನಲ್ ಟ್ರಸ್ಟ್ ಕೊಂಡುಕೊಂಡ ಈ ಪಬ್‌ನಲ್ಲಿ ಕೆಂಪು ಗ್ರಾನೈಟ್ ಹಾಸಿನ ಕೌಂಟರಿನ ಎದುರಿಗೆ ಕೆತ್ತನೆಯ ಹತ್ತು ಮರೆಗೂಡುಗಳಿವೆ, ದೀಪಗಳು ಈಗಲೂ ಗ್ಯಾಸಿನವೇ.”